ಸಭೆಯಲ್ಲಿ ಮಾತಿಗೆ ಮಾತು ಬೆಳೆದಾಗ ಮೃದುವಾಗಿ ಉತ್ತರಿಸುವುದು ಎಂದರೇನು?

ಸಭಾ ಕಾರ್ಯದರ್ಶಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಾನು ಉತ್ತರ ಕರ್ನಾಟಕದ ಒಂದು ಹಳೆಯ ಕ್ರೈಸ್ತ ಸಭೆಯ ಕಾರ್ಯದರ್ಶಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದಿಂದ ನಡೆದುಬಂದ ಸಭೆ ಇದು. ನಾಲ್ಕೈದು ತಲೆಮಾರಿನ ಮನೆತನಗಳಿವೆ. ಕೆಲಸದ ನಿಮಿತ್ತ ಊರಿಗೆ ಬಂದು ಈಚೆಗೆ ಸೇರಿಕೊಂಡ ಕುಟುಂಬಗಳೂ ಇವೆ. ಭಾನುವಾರದ ಆರಾಧನೆಗೆ ಕೀಬೋರ್ಡ್, ಡ್ರಮ್ ಬೇಕೆಂದು ಯುವಕರು ಕೇಳುತ್ತಿದ್ದಾರೆ. ಹಾರ್ಮೋನಿಯಂ ಮತ್ತು ಹಳೆಯ ಕೀರ್ತನೆಗಳೇ ಸಾಕೆಂದು ಹಿರಿಯರು ಹೇಳುತ್ತಾರೆ.

ಕಳೆದ ಸಾಮಾನ್ಯ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ನಿನ್ನೆ ಮೊನ್ನೆ ಬಂದವರು ನಮಗೆ ಆರಾಧನೆ ಕಲಿಸುವುದು ಬೇಡ" ಎಂದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ನಿಮ್ಮ ಕಾಲ ಮುಗಿಯಿತು" ಎಂದ. ಅಲ್ಲಿಂದ ಮುಂದೆ ಸಂಗೀತದ ವಿಷಯ ಯಾರಿಗೂ ನೆನಪಿರಲಿಲ್ಲ. ಯಾರ ಅಜ್ಜ ದೇವಾಲಯಕ್ಕೆ ಕಲ್ಲು ಹೊತ್ತಿದ್ದು, ಯಾರು ಕಾಣಿಕೆ ಕೊಡುವುದಿಲ್ಲ, ಯಾರ ಮಗಳ ಮದುವೆಗೆ ಯಾರು ಬರಲಿಲ್ಲ ಎಂಬ ಮಾತುಗಳೆಲ್ಲ ಹೊರಬಂದವು. ನಮ್ಮ ಅಯ್ಯನವರು (ಸಭಾಪಾಲಕರು) ಪ್ರಾರ್ಥನೆ ಮಾಡಿ ಸಭೆಯನ್ನು ಮುಗಿಸಬೇಕಾಯಿತು.

ಸುಗ್ಗಿ ಹಬ್ಬ ಕಳೆದ ಮೇಲೆ ಮತ್ತೆ ಸಭೆ ಇದೆ. ಅಯ್ಯನವರು ಅಧ್ಯಕ್ಷತೆ ವಹಿಸುತ್ತಾರೆ, ವಿಷಯ ಮಂಡಿಸಬೇಕಾದವಳು ನಾನು. "ಮೃದುವಾದ ಉತ್ತರ ಸಿಟ್ಟನ್ನು ಆರಿಸುತ್ತದೆ" ಎಂಬ ಸತ್ಯವೇದದ ಜ್ಞಾನೋಕ್ತಿಯ ಮಾತನ್ನು (15:1) ಎಲ್ಲರೂ ನನಗೆ ಕಳುಹಿಸುತ್ತಿದ್ದಾರೆ. ನನಗೆ ಅದು ಬಾಯಿಪಾಠವಿದೆ. ನನ್ನ ಪ್ರಶ್ನೆ ಬೇರೆ. ಎದುರಿನವರು ಕೂಗುತ್ತಿರುವಾಗ ನಾನು ಮೆಲ್ಲಗೆ ಮಾತನಾಡಿದರೆ ಸೋತಂತೆ ಕಾಣುವುದಿಲ್ಲವೇ? ಮೃದುವಾದ ಉತ್ತರ ಎಂದರೆ ಒಪ್ಪಿಕೊಂಡು ಸುಮ್ಮನಾಗುವುದೇ? ಅನುಭವವಿದ್ದವರು ದಯವಿಟ್ಟು ಹೇಳಿ.

ನಿವೃತ್ತ ಸಭಾಪಾಲಕ

ತಂಗಿ, ಸುಮ್ಮನಾಗುವುದು ಉತ್ತರವೇ ಅಲ್ಲ. ಆ ವಚನದಲ್ಲಿ "ಉತ್ತರ" ಎಂದೇ ಇದೆ. ಏನೋ ಒಂದನ್ನು ಹೇಳಲೇಬೇಕು, ಪ್ರಶ್ನೆ ಇರುವುದು ಹೇಗೆ ಹೇಳುವುದು ಎಂಬುದರಲ್ಲಿ.

ನ್ಯಾಯಸ್ಥಾಪಕರು ಪುಸ್ತಕದ ಎಂಟನೆಯ ಮತ್ತು ಹನ್ನೆರಡನೆಯ ಅಧ್ಯಾಯಗಳನ್ನು ಒಂದೇ ಸಂಜೆ ಅಕ್ಕಪಕ್ಕ ಇಟ್ಟುಕೊಂಡು ಓದಿ. ಎರಡರಲ್ಲೂ ಜಗಳಕ್ಕೆ ಬರುವವರು ಇಸ್ರಾಯೇಲಿನ ಒಂದು ಕುಲವಾದ ಎಫ್ರಾಯೀಮ್ಯರು. ಎರಡರಲ್ಲೂ ದೂರು ಒಂದೇ: "ಯುದ್ಧಕ್ಕೆ ಹೋಗುವಾಗ ನಮ್ಮನ್ನು ಏಕೆ ಕರೆಯಲಿಲ್ಲ?" ಗೆಲುವಿನಲ್ಲಿ ತಮಗೆ ಪಾಲು ಸಿಗಲಿಲ್ಲ ಎಂಬ ಅವಮಾನ ಅದು.

ಎಂಟನೆಯ ಅಧ್ಯಾಯದಲ್ಲಿ ಇಸ್ರಾಯೇಲಿನ ನಾಯಕ ಗಿದ್ಯೋನನು ಆಗ ಮುನ್ನೂರು ಜನರೊಂದಿಗೆ ಮಿದ್ಯಾನ್ಯರನ್ನು ಬೆನ್ನಟ್ಟುತ್ತಿದ್ದ. ದಣಿದಿದ್ದ, ಗೆಲುವು ಕೈಗೆ ಬಂದಿತ್ತು. "ನೀವು ಎಲ್ಲಿದ್ದಿರಿ?" ಎಂದು ಕೇಳುವ ಹಕ್ಕು ಅವನಿಗಿತ್ತು. ಅವನು ಹೇಳಿದ್ದರ ಸಾರ ಇಷ್ಟು: ನೀವು ಮಾಡಿದ್ದರ ಮುಂದೆ ನಾನು ಮಾಡಿದ್ದು ಏನು ಮಹಾ? ನಮ್ಮ ಕುಲದವರ ಇಡೀ ದ್ರಾಕ್ಷಿ ಬೆಳೆಗಿಂತ ನೀವು ಹಕ್ಕಲಾಯ್ದದ್ದೇ ಹೆಚ್ಚಲ್ಲವೇ? ಓರೇಬ್, ಜೇಬ್ ಎಂಬ ಆ ಮಿದ್ಯಾನ್ಯ ಅಧಿಪತಿಗಳನ್ನು ದೇವರು ಒಪ್ಪಿಸಿದ್ದು ನಿಮ್ಮ ಕೈಗಲ್ಲವೇ? ಇದು ಮುಖಸ್ತುತಿ ಅಲ್ಲ. ಆ ಇಬ್ಬರನ್ನು ಹಿಡಿದು ಕೊಂದವರು ನಿಜವಾಗಿ ಎಫ್ರಾಯೀಮ್ಯರೇ. ಗಿದ್ಯೋನನು ಸುಳ್ಳು ಹೇಳದೆ, ನಡೆದ ಸಂಗತಿಗಳಲ್ಲಿ ಅವರಿಗೆ ಸಲ್ಲಬೇಕಾದ ಭಾಗವನ್ನು ಎತ್ತಿ ಹೇಳಿದ. ಅವರ ಸಿಟ್ಟು ಇಳಿಯಿತು ಎಂದು ಮೂರನೆಯ ವಚನ ಹೇಳುತ್ತದೆ.

ಹನ್ನೆರಡನೆಯ ಅಧ್ಯಾಯದಲ್ಲಿ ಅಮ್ಮೋನಿಯರನ್ನು ಗೆದ್ದುಬಂದ ನಾಯಕ ಯೆಪ್ತಾಹನ ಉತ್ತರ ನೋಡಿ. "ನನಗೂ ನನ್ನ ಜನರಿಗೂ ಅಮ್ಮೋನಿಯರೊಡನೆ ದೊಡ್ಡ ವ್ಯಾಜ್ಯವಿತ್ತು, ನಾನು ಕರೆದೆ, ನೀವು ಬರಲಿಲ್ಲ, ನಾನು ಜೀವದ ಹಂಗು ತೊರೆದು ಹೋದೆ, ನನಗೆ ಜಯವಾಯಿತು." ಅವನು ಹೇಳಿದ್ದರಲ್ಲಿ ಸುಳ್ಳಿದೆ ಎಂದು ಗ್ರಂಥ ಎಲ್ಲೂ ಹೇಳುವುದಿಲ್ಲ. ಎಫ್ರಾಯೀಮ್ಯರು "ನಿನ್ನ ಮನೆಗೆ ಬೆಂಕಿ ಹಚ್ಚುತ್ತೇವೆ" ಎಂದು ಬೆದರಿಸಿದ್ದರು, ಆದ್ದರಿಂದ ತಪ್ಪು ಅವರದೇ ಹೆಚ್ಚು. ಆದರೂ ಅವನ ಉತ್ತರದಲ್ಲಿ ಅವರಿಗೆ ನಿಲ್ಲಲು ಒಂದು ಅಂಗುಲ ಜಾಗವೂ ಇರಲಿಲ್ಲ. ಕೊನೆಗೆ ಯೊರ್ದನಿನ ಹಾಯಗಡಗಳಲ್ಲಿ ಅಣ್ಣತಮ್ಮಂದಿರೇ ಅಣ್ಣತಮ್ಮಂದಿರನ್ನು ಕೊಂದರು. ಎಫ್ರಾಯೀಮ್ಯರಲ್ಲಿ ಸತ್ತವರು 42,000 ಮಂದಿ ಎಂದು ಬರೆದಿದೆ.

ನಿಮ್ಮ ಸಭೆಯ ಆ ಹಿರಿಯರು ಕೂಗಿದ್ದು ಡ್ರಮ್ಮಿಗಾಗಿ ಎಂದು ನನಗೆ ಅನ್ನಿಸುವುದಿಲ್ಲ. "ನಮ್ಮನ್ನು ಯಾರೂ ಕೇಳಲಿಲ್ಲ" ಎಂಬುದು ಅವರ ಮಾತಿನ ತಳದಲ್ಲಿ ಇರಬಹುದು. ವಿಚಾರಿಸಿ ನೋಡಿ.

ಗಾಯನ ಮಂಡಳಿಯವನು

ಅಯ್ಯನವರೇ, ತಾವು ಬರೆದದ್ದನ್ನು ಗೌರವದಿಂದ ಓದಿದೆ. ನಾನು ಬೇರೆ ಸಭೆಯವನು, ಆದರೆ ಇದೇ ಜಗಳ ನಮ್ಮಲ್ಲೂ ಇದೆ. ತಾವು ಎಂಟನೆಯ ಅಧ್ಯಾಯದ ಮೂರನೆಯ ವಚನಕ್ಕೆ ನಿಲ್ಲಿಸಿದಿರಿ. ನಾನು ಮುಂದೆ ಓದಿದೆ.

ಅದೇ ಗಿದ್ಯೋನನು ಅದೇ ದಾರಿಯಲ್ಲಿ ಸುಕ್ಕೋತ್ ಊರಿಗೆ ಬಂದು ದಣಿದ ತನ್ನ ಜನರಿಗೆ ರೊಟ್ಟಿ ಕೇಳುತ್ತಾನೆ. ಅವರು ಕೊಡುವುದಿಲ್ಲ. ಅವನು ಹಿಂದಿರುಗಿ ಬಂದು ಆ ಊರಿನ 77 ಮಂದಿ ಹಿರಿಯರ ಪಟ್ಟಿ ಬರೆಸಿಕೊಂಡು, ಅವರನ್ನು ಕಾಡಿನ ಮುಳ್ಳುಗಳಿಂದ ಹೊಡೆಸುತ್ತಾನೆ. ಪೆನೂವೇಲಿನ ಗೋಪುರವನ್ನು ಕೆಡವಿ ಆ ಊರಿನ ಗಂಡಸರನ್ನು ಕೊಲ್ಲುತ್ತಾನೆ. ಬಲಿಷ್ಠವಾದ ಎಫ್ರಾಯೀಮಿನ ಮುಂದೆ ಮೃದು ಮಾತು, ಚಿಕ್ಕ ಊರಿನವರ ಮೇಲೆ ಮುಳ್ಳು!

ನಮ್ಮ ಸಭೆಗಳಲ್ಲಿ ನಡೆಯುವುದೂ ಹೀಗೆಯೇ. ಹಿರಿಯರು ಗದರಿದರೆ ಅದು ಕಾಳಜಿ. ನಾವು ಅದೇ ದನಿಯಲ್ಲಿ ಒಂದು ಮಾತು ಹೇಳಿದರೆ ಉದ್ಧಟತನ. ಜ್ಞಾನೋಕ್ತಿ 15:1 ಅನ್ನು ಓದಿ ಹೇಳುವುದು ಯಾವಾಗಲೂ ಕಿರಿಯರಿಗೆ, ಸೊಸೆಯಂದಿರಿಗೆ, ಹೊಸದಾಗಿ ಸೇರಿದವರಿಗೆ. ದೊಡ್ಡ ಕುರ್ಚಿಯಲ್ಲಿ ಕುಳಿತವರಿಗೆ ಆ ವಚನವನ್ನು ಯಾರಾದರೂ ಓದಿ ಹೇಳಿದ್ದನ್ನು ನಾನು ನೋಡಿಲ್ಲ. ಮೃದುತ್ವ ಒಂದು ಕಡೆಯವರ ಕರ್ತವ್ಯ ಮಾತ್ರವಾದರೆ ಅದನ್ನು ಕ್ರಿಸ್ತನ ಗುಣ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇತಿಹಾಸದ ಟೀಚರ್, ಧಾರವಾಡ

ಗಾಯನ ಮಂಡಳಿಯ ತಮ್ಮ ಎತ್ತಿದ ಪ್ರಶ್ನೆಗೆ ಸತ್ಯವೇದದೊಳಗೇ ಉತ್ತರವಿದೆ. ಸುಕ್ಕೋತಿನ ಸಂಗತಿ ಗಿದ್ಯೋನನಿಗೆ ಕೀರ್ತಿ ತರುವಂಥದ್ದಲ್ಲ, ಅದನ್ನು ಹಾಗೆಯೇ ಒಪ್ಪಿಕೊಳ್ಳೋಣ. ಆದರೆ 1 ಅರಸುಗಳು 12ನೆಯ ಅಧ್ಯಾಯವನ್ನೂ ನೋಡಬೇಕು.

ಸೊಲೊಮೋನನು ತೀರಿಕೊಂಡ ಮೇಲೆ ಅವನ ಮಗ ರೆಹಬ್ಬಾಮ ಶೆಕೆಮಿಗೆ ಬರುತ್ತಾನೆ. ಯಾರೊಬ್ಬಾಮನನ್ನು ಮುಂದಿಟ್ಟುಕೊಂಡು ಜನರು ಕೇಳುವುದು ಒಂದೇ: ನಿಮ್ಮ ತಂದೆ ಹೊರಿಸಿದ ನೊಗ ಭಾರವಾಗಿದೆ, ಸ್ವಲ್ಪ ಹಗುರ ಮಾಡಿ. ಅರಸನು ಮೂರು ದಿನ ಸಮಯ ಕೇಳುತ್ತಾನೆ. ಇಡೀ ಅಧ್ಯಾಯದಲ್ಲಿ ಅವನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ತಂದೆಯ ಕಾಲದ ಹಿರಿಯರು, "ಈ ಹೊತ್ತು ನೀನು ಇವರಿಗೆ ಸೇವಕನಂತಾಗಿ ಒಳ್ಳೆಯ ಮಾತಿನಿಂದ ಉತ್ತರಕೊಟ್ಟರೆ ಇವರು ಎಂದೆಂದಿಗೂ ನಿನ್ನವರಾಗಿರುತ್ತಾರೆ" ಎನ್ನುತ್ತಾರೆ. ಜೊತೆಗೆ ಬೆಳೆದ ಗೆಳೆಯರು, "ನನ್ನ ಕಿರುಬೆರಳು ನನ್ನ ತಂದೆಯ ಸೊಂಟಕ್ಕಿಂತ ದಪ್ಪ ಎಂದು ಹೇಳು" ಎನ್ನುತ್ತಾರೆ. ಅವನು ಗೆಳೆಯರ ಮಾತು ಕೇಳಿದ. ಹತ್ತು ಕುಲಗಳು ಕೈಬಿಟ್ಟು ಹೋದವು. ಬಿಟ್ಟಿಕೆಲಸದ ಮೇಲ್ವಿಚಾರಕನನ್ನು ಕಳುಹಿಸಿದಾಗ ಜನರು ಅವನನ್ನು ಕಲ್ಲೆಸೆದು ಕೊಂದರು. ಆ ರಾಜ್ಯ ಮತ್ತೆ ಒಂದಾಗಲಿಲ್ಲ.

ಹಿರಿಯರು ಈ ಕಥೆಯನ್ನು "ನೋಡಿದಿರಾ, ಹುಡುಗರ ಮಾತು ಕೇಳಿದರೆ ಹೀಗಾಗುತ್ತದೆ" ಎಂದು ಹೇಳಲು ಬಳಸುತ್ತಾರೆ. ಅದು ಅರ್ಧ ಓದು. ಮೃದುವಾಗಿ ಮಾತನಾಡು ಎಂಬ ಸಲಹೆ ಬಂದದ್ದು ಯಾರಿಗೆ? ನೊಗ ಹೊತ್ತವರಿಗಲ್ಲ, ನೊಗ ಹೊರಿಸುವ ಅಧಿಕಾರವಿದ್ದ ಅರಸನಿಗೆ. ಜನರ ದೂರಿನ ದನಿ ಸರಿಯಿಲ್ಲ ಎಂದು ಆ ಹಿರಿಯರು ಆಕ್ಷೇಪಿಸಲಿಲ್ಲ. ದೂರು ಕೊಡುವವರು ಮೊದಲು ಮಾತು ಕಲಿತು ಬರಲಿ ಎನ್ನಲಿಲ್ಲ. ಉತ್ತರ ಕೊಡುವವನು ಮೊದಲು ತಗ್ಗಬೇಕು ಎಂದರು.

ಕಾರ್ಯದರ್ಶಿಯವರೇ, ನಿಮ್ಮ ಪ್ರಶ್ನೆಗೂ ಇದೇ ನನ್ನ ಉತ್ತರ. ಸಭೆಯಲ್ಲಿ ಯಾರ ಕೈಯಲ್ಲಿ ಹೆಚ್ಚು ಅಧಿಕಾರವಿದೆಯೋ ಅವರಿಂದ ಮೃದು ಮಾತು ಮೊದಲು ಬರಲಿ. ಮೈಕ್ ಮತ್ತು ಕಾರ್ಯಸೂಚಿ ಎರಡೂ ನಿಮ್ಮ ಕೈಯಲ್ಲಿರುವುದರಿಂದ ಅವತ್ತು ನೀವೂ ಅಧಿಕಾರದಲ್ಲಿರುವವರೇ. ಮೆಲ್ಲಗೆ ಮಾತನಾಡಿದರೆ ಸೋತಂತೆ ಕಾಣುತ್ತದೆ ಎಂದು ಅಂಜಬೇಡಿ.

ವಾರ್ಡ್ ನರ್ಸ್, ಮಂಗಳೂರು

ನಾನು ಕಥೋಲಿಕಳು, ನಿಮ್ಮ ಸಭೆಯ ವ್ಯವಸ್ಥೆ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಕೂಗುವವರ ಮುಂದೆ ನಿಲ್ಲುವುದು ನನ್ನ ದಿನನಿತ್ಯದ ಕೆಲಸ. ರೋಗಿಯ ಕಡೆಯವರು ಸಿಟ್ಟಾಗುವುದು ಬಹುಪಾಲು ಹೆದರಿಕೆಯಿಂದ. ಕೆಲವು ಸಂಗತಿಗಳನ್ನು ಬರೆಯುತ್ತೇನೆ, ಉಪಯೋಗವಾದರೆ ಇಟ್ಟುಕೊಳ್ಳಿ.

"ಸಮಾಧಾನ ಮಾಡಿಕೊಳ್ಳಿ" ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಿಟ್ಟಿನಲ್ಲಿರುವವರಿಗೆ ಅದು "ನಿಮ್ಮ ಮಾತಿಗೆ ಬೆಲೆಯಿಲ್ಲ" ಎಂದು ಕೇಳಿಸುತ್ತದೆ. ಎದುರಿಗೆ ನೆಟ್ಟಗೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲುತ್ತೇನೆ, ಸಾಧ್ಯವಾದರೆ ಅವರನ್ನು ಕೂರಿಸಿ ನಾನೂ ಕೂರುತ್ತೇನೆ. ನಿಂತು ಕೂಗಿದಷ್ಟು ಸಲೀಸಾಗಿ ಕುಳಿತು ಕೂಗಲು ಆಗುವುದಿಲ್ಲ. ಅವರು ಹೇಳಿದ್ದನ್ನು ನನ್ನ ಬಾಯಲ್ಲಿ ಒಮ್ಮೆ ತಿರುಗಿ ಹೇಳುತ್ತೇನೆ: "ಬೆಳಿಗ್ಗೆಯಿಂದ ಡಾಕ್ಟರ್ ಬಂದಿಲ್ಲ, ತಾಯಿಗೆ ನೋವು ಹೆಚ್ಚಾಗಿದೆ, ಯಾರೂ ಏನೂ ಹೇಳುತ್ತಿಲ್ಲ, ಅಲ್ಲವೇ?" ಹೌದು ಎನ್ನುವ ಹೊತ್ತಿಗೆ ದನಿ ಅರ್ಧ ಇಳಿದಿರುತ್ತದೆ. ಆಮೇಲೆ ಮುಂದೆ ಏನಾಗುತ್ತದೆ, ಯಾವಾಗ ಆಗುತ್ತದೆ ಎಂದು ಹೇಳುತ್ತೇನೆ. ನನ್ನಿಂದ ಆಗದ್ದನ್ನು ಆಗುತ್ತದೆ ಎಂದು ಹೇಳುವುದಿಲ್ಲ. ಆ ಕ್ಷಣಕ್ಕೆ ಹಿತವಾಗಿ ಸುಳ್ಳು ಹೇಳಿದರೆ ಸಂಜೆಗೆ ಅದೇ ಜನ ಎರಡರಷ್ಟು ಸಿಟ್ಟಿನಿಂದ ಬರುತ್ತಾರೆ, ಅದರಲ್ಲಿ ಅವರ ತಪ್ಪೂ ಇರುವುದಿಲ್ಲ.

ಕೇಳುವುದರಲ್ಲಿ ಬೇಗ, ಮಾತಿನಲ್ಲಿ ನಿಧಾನ, ಕೋಪದಲ್ಲಿ ನಿಧಾನ ಎಂದು ಯಾಕೋಬನು ಬರೆದ (1:19) ಕ್ರಮವೇ ವಾರ್ಡಿನಲ್ಲಿ ನಡೆಯುವ ಕ್ರಮ. ಮೊದಲನೆಯದನ್ನು ಬಿಟ್ಟು ಎರಡು ಮೂರನೆಯದನ್ನು ಮಾತ್ರ ಪಾಲಿಸಿದರೆ ನಾವು ಮೌನವಾಗಿ ಬಿಗಿದುಕೊಂಡು ನಿಂತಿರುತ್ತೇವೆ. ಎದುರಿನವರಿಗೆ ಅದು ತಿರಸ್ಕಾರವಾಗಿ ಕಾಣುತ್ತದೆ.

ನೇರ ನುಡಿ

ಇಷ್ಟೆಲ್ಲ ಓದಿದ ಮೇಲೂ ನನಗೆ ಒಪ್ಪಿಗೆಯಿಲ್ಲ. ಕರ್ತನು ದೇವಾಲಯದಲ್ಲಿ ಹಣ ಬದಲಾಯಿಸುವ ಚಿನಿವಾರರ ಮೇಜುಗಳನ್ನು ಕೆಡವಿದನು. ಮತ್ತಾಯ 23ರಲ್ಲಿ ಫರಿಸಾಯರನ್ನು "ಹಾವುಗಳೇ, ಸರ್ಪಜಾತಿಯವರೇ" ಎಂದನು. ಯೆಹೂದ್ಯರಲ್ಲದ ವಿಶ್ವಾಸಿಗಳೊಂದಿಗೆ ಊಟಕ್ಕೆ ಕೂರುವುದನ್ನು ಬಿಟ್ಟ ಪೇತ್ರನನ್ನು ಪೌಲನು ಅಂತಿಯೋಕ್ಯದಲ್ಲಿ ಎಲ್ಲರ ಮುಂದೆ ಮುಖಾಮುಖಿಯಾಗಿ ಆಕ್ಷೇಪಿಸಿದನು (ಗಲಾತ್ಯ 2:11). ಆ ದಿನ ಪೌಲನು ಮೃದುವಾಗಿದ್ದಿದ್ದರೆ ಅನ್ಯಜನಾಂಗದ ವಿಶ್ವಾಸಿಗಳು ಎರಡನೆಯ ದರ್ಜೆಯವರಾಗಿ ಉಳಿಯುತ್ತಿದ್ದರು. ಸಭೆಯ ಲೆಕ್ಕದಲ್ಲಿ ಹಣ ಕಾಣೆಯಾದಾಗ, ಜಾತಿ ನೋಡಿ ಸಂಬಂಧ ಮಾಡುವಾಗ, ಹಿರಿಯರ ಹುದ್ದೆ ಒಂದೇ ಮನೆತನಕ್ಕೆ ಸೀಮಿತವಾದಾಗ ಸವಿ ಮಾತು ಹೇಳುವುದು ಹೇಡಿತನ. ಸತ್ಯ ಕಹಿಯಾಗಿಯೇ ಇರುತ್ತದೆ.

ನಿವೃತ್ತ ಸಭಾಪಾಲಕ

ನೇರ ನುಡಿಯವರೇ, ನೀವು ಹೇಳಿದ ಮೂರೂ ಸಂದರ್ಭಗಳು ನಿಜ. ಜಾತಿಯ ಬಗ್ಗೆ ನೀವು ಬರೆದದ್ದು ಕ್ರೈಸ್ತ ಸಭೆಗಳ ಮೈಮೇಲಿನ ಗಾಯ. ಅದನ್ನು ಸವಿ ಮಾತಿನಿಂದ ಮುಚ್ಚಬಾರದು ಎಂಬುದರಲ್ಲಿ ನಾನು ನಿಮ್ಮ ಜೊತೆಗಿದ್ದೇನೆ.

ಆದರೆ ಕರ್ತನ ಕಟುವಾದ ಮಾತು ಯಾರ ಮೇಲೆ ಬಿತ್ತು ಎಂದು ನೋಡೋಣ. ಕಾಣಿಕೆಯ ಹೆಸರಿನಲ್ಲಿ ಬಡವರಿಂದ ಕೀಳುವವರ ಮೇಲೆ, ಹೊರಲಾಗದ ಹೊರೆಯನ್ನು ಜನರ ಹೆಗಲಿಗೆ ಕಟ್ಟಿ ತಾವು ಬೆರಳನ್ನೂ ಮುಟ್ಟಿಸದವರ ಮೇಲೆ. ಸಮಾರ್ಯದ ಹೆಂಗಸು, ಜಕ್ಕಾಯ, ಕಲ್ಲೆಸೆದು ಕೊಲ್ಲಲೆಂದು ತಂದು ನಿಲ್ಲಿಸಿದ್ದ ಆ ಹೆಂಗಸು ಇವರಾರಿಗೂ ಆ ದನಿ ಕೇಳಿಸಲಿಲ್ಲ. ಟೀಚರ್ ಅವರು ಹೇಳಿದ್ದಕ್ಕೂ ಇದಕ್ಕೂ ಹೊಂದಿಕೆಯಿದೆ. ಲೂಕನು ಬರೆದ ಕ್ರಮವನ್ನೂ ಗಮನಿಸಿ. 19ನೆಯ ಅಧ್ಯಾಯದಲ್ಲಿ ಕರ್ತನು ಮೊದಲು ಪಟ್ಟಣವನ್ನು ಕಂಡು ಅಳುತ್ತಾನೆ, ಆಮೇಲೆ ದೇವಾಲಯದೊಳಗೆ ಹೋಗಿ ಮಾರುವವರನ್ನು ಹೊರಡಿಸುತ್ತಾನೆ. ಯಾರಿಗಾಗಿ ಅತ್ತಿಲ್ಲವೋ ಅವರನ್ನು ಗದರಿಸುವ ಮೊದಲು ನಾವು ಸ್ವಲ್ಪ ತಡೆಯಬೇಕು.

ಇನ್ನೊಂದು ಸಂಗತಿ. ಹಿಂದೆ ಮಹಾಯಾಜಕನಾಗಿದ್ದ ಅನ್ನನೆಂಬವನ ಮುಂದೆ ವಿಚಾರಣೆ ನಡೆಯುವಾಗ ಓಲೇಕಾರನೊಬ್ಬ ಕರ್ತನ ಕೆನ್ನೆಗೆ ಹೊಡೆಯುತ್ತಾನೆ (ಯೋಹಾನ 18:22). ಬೇರೆ ಗಳಿಗೆಯಲ್ಲಿ ಮೌನವಾಗಿದ್ದ ಕರ್ತನು ಇಲ್ಲಿ ಮೌನವಾಗಿರುವುದಿಲ್ಲ. "ನಾನು ತಪ್ಪಾಗಿ ಮಾತನಾಡಿದ್ದರೆ ಆ ತಪ್ಪನ್ನು ತೋರಿಸು, ಸರಿಯಾಗಿ ಮಾತನಾಡಿದ್ದರೆ ಏಕೆ ಹೊಡೆಯುತ್ತೀ?" ಎಂದು ಕೇಳುತ್ತಾನೆ. ಅದರಲ್ಲಿ ಬೈಗುಳವಿಲ್ಲ, ಶಾಪವಿಲ್ಲ, ಹಿಂಜರಿತವೂ ಇಲ್ಲ. ಹೊಡೆದವನನ್ನು ಯೋಚಿಸುವಂತೆ ಮಾಡುವ ನೇರವಾದ ಪ್ರಶ್ನೆ ಅದು. ಕಾರ್ಯದರ್ಶಿ ತಂಗಿ, ಮೃದುವಾದ ಉತ್ತರ ಎಂದರೆ ಏನು ಎಂದು ನೀವು ಕೇಳಿದ್ದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇದು.

ಪೌಲನಿಗೂ ಇಂಥದೇ ಏಟು ಬಿತ್ತು. ಮಹಾಯಾಜಕನು ಅವನ ಬಾಯಿಯ ಮೇಲೆ ಹೊಡೆಯಲು ಹೇಳಿದಾಗ ಅವನು "ಸುಣ್ಣ ಬಳಿದ ಗೋಡೆಯೇ, ದೇವರು ನಿನ್ನನ್ನು ಹೊಡೆಯುವನು" ಎಂದುಬಿಟ್ಟ (ಅಪೊಸ್ತಲರ ಕೃತ್ಯಗಳು 23). ಹೊಡೆಯಲು ಹೇಳಿದವನು ಮಹಾಯಾಜಕನೆಂದು ತಿಳಿದ ಕೂಡಲೇ ಅದೇ ಜನರ ಮುಂದೆ, ಜನರ ಅಧಿಪತಿಯನ್ನು ಶಪಿಸಬಾರದೆಂದು ಬರೆದಿದೆ ಎಂದು ಹೇಳಿ ತನ್ನ ಮಾತನ್ನು ತಿದ್ದಿಕೊಂಡ. ತಿದ್ದಿಕೊಳ್ಳಲು ಮರುದಿನದವರೆಗೆ ಕಾಯಲಿಲ್ಲ. ತನ್ನ ವಾದವನ್ನೂ ಬಿಡಲಿಲ್ಲ.

ಕರಾವಳಿಯ ಸೊಸೆ

ಎಲ್ಲರೂ ಸಭೆಯ ಜಗಳದ ಬಗ್ಗೆ ಬರೆದಿದ್ದೀರಿ. ಮನೆಯೊಳಗಿನದನ್ನು ನಾನು ಬರೆಯುತ್ತೇನೆ, ಏಕೆಂದರೆ ಈ ವಚನವನ್ನು ಹೆಂಗಸರಿಗೆ ಹೆಚ್ಚಾಗಿ ಹೇಳುವುದು ಅಡುಗೆಮನೆಯಲ್ಲಿ.

1 ಸಮುವೇಲ 25ರ ಅಬೀಗೈಲಳನ್ನು ನಮ್ಮ ಕಡೆ ತಾಳ್ಮೆಯ ಹೆಂಡತಿ ಎಂದು ಬೋಧಿಸುತ್ತಾರೆ. ಆ ಅಧ್ಯಾಯವನ್ನು ಓದಿದವರಿಗೆ ಬೇರೆಯೇ ಹೆಂಗಸು ಕಾಣುತ್ತಾಳೆ. ಗಂಡ ನಾಬಾಲನು ದಾವೀದನ ಆಳುಗಳನ್ನು ಬೈದು ಕಳುಹಿಸಿದ್ದ. ದಾವೀದನು ಕತ್ತಿ ಕಟ್ಟಿದ ನಾನೂರು ಜನರೊಂದಿಗೆ ಹೊರಟಿದ್ದ. ಸುದ್ದಿ ತಿಳಿದ ಕೂಡಲೇ ಅವಳು ಇನ್ನೂರು ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಅಡುಗೆಗೆ ಸಿದ್ಧಮಾಡಿದ ಐದು ಕುರಿ, ಹುರಿದ ಕಾಳು, ಒಣದ್ರಾಕ್ಷಿ, ಅಂಜೂರದ ಉಂಡೆಗಳನ್ನು ಕತ್ತೆಗಳ ಮೇಲೆ ಹೇರಿಸಿ ಹೊರಟಳು. ಗಂಡನಿಗೆ ಹೇಳಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ದಾವೀದನ ಮುಂದೆ ಅಡ್ಡಬಿದ್ದು ಮಾತನಾಡಿದಳು, ನಿಜ. ಆದರೆ ಅವಳು ಹೇಳಿದ್ದು ಏನು? ಕಾರಣವಿಲ್ಲದೆ ರಕ್ತ ಸುರಿಸಿದ ಪಶ್ಚಾತ್ತಾಪ ನಾಳೆ ಅರಸನಾಗುವವನ ಮನಸ್ಸನ್ನು ಕೊರೆಯಬಾರದು ಎಂದಳು. ದಂಡಿನ ನಾಯಕನಿಗೆ ಅವನ ತಪ್ಪನ್ನು ಎದುರಿಗೇ ತೋರಿಸಿಕೊಟ್ಟಳು. ಅವನು ಕೇಳಿದ.

ಮನೆಗೆ ಬಂದಾಗ ನಾಬಾಲನು ಕುಡಿದು ಮತ್ತನಾಗಿದ್ದ. ಅವಳು ಬೆಳಗಾಗುವವರೆಗೆ ಅವನಿಗೆ ಏನನ್ನೂ ಹೇಳಲಿಲ್ಲ. ಕುಡಿದವರೊಂದಿಗೆ ವಾದ ಬೇಡ ಎಂಬುದನ್ನು ಎಷ್ಟೋ ಮನೆಗಳ ಹೆಂಗಸರು ಯಾರೂ ಕಲಿಸದೆ ಕಲಿತಿದ್ದಾರೆ.

ಹೊಡೆಯುವ ಗಂಡನಿಗೆ ಮೃದುವಾಗಿ ಉತ್ತರಿಸು, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಹೆಂಗಸರನ್ನು ವಾಪಸು ಕಳುಹಿಸುವವರು ದಯವಿಟ್ಟು ಇದನ್ನು ಓದಿ. ಅದು ಈ ವಚನದ ಅರ್ಥವಲ್ಲ. ಅಬೀಗೈಲಳು ಅಪಾಯ ಬಂದಾಗ ಮನೆಯಲ್ಲಿ ಕುಳಿತು ಕಾಯಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನಮಗೂ ಅನ್ವಯಿಸುತ್ತದೆ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112. ಮತ್ತಾಯ 18ರಲ್ಲಿ ಕರ್ತನೇ ಹೇಳಿದ ಕ್ರಮ ಇದೆ: ಮೊದಲು ಒಂಟಿಯಾಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಜೀವಕ್ಕೆ ಅಪಾಯವಿರುವ ಕಡೆ ಒಂಟಿಯಾಗಿ ಹೋಗುವ ಮೊದಲ ಹೆಜ್ಜೆಯನ್ನೂ ಹೆಂಗಸಿನ ಮೇಲೆ ಹೊರಿಸಬೇಡಿ. ಆ ಕೆಲಸವನ್ನು ಸಭೆಯ ಹಿರಿಯರು ಮಾಡಲಿ.

ನೇರ ನುಡಿ

ಅಕ್ಕ, ನೀವು ಬರೆದದ್ದು ಪ್ರತಿ ಸಭೆಯ ಸ್ತ್ರೀಯರ ಕೂಟದಲ್ಲೂ, ಅದಕ್ಕಿಂತ ಹೆಚ್ಚಾಗಿ ಗಂಡಸರ ಕೂಟದಲ್ಲೂ ಓದಬೇಕಾದದ್ದು.

ಬೆಂಗಳೂರು ಕಚೇರಿಯಿಂದ

ಸಭೆಯ ಹೊರಗಿನ ಒಂದು ಸಂದರ್ಭ. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳು ಕೆಲವೊಮ್ಮೆ, "ನೀವು ಮತಾಂತರ ಮಾಡುವವರಲ್ಲವೇ? ಅಕ್ಕಿ ಕೊಟ್ಟು ಸೇರಿಸಿಕೊಳ್ಳುತ್ತೀರಂತೆ" ಎನ್ನುತ್ತಾರೆ. ನೋವಾಗುತ್ತದೆ. ನನ್ನ ಅಜ್ಜಿಯ ವಿಶ್ವಾಸವನ್ನು ಒಂದು ಚೀಲ ಅಕ್ಕಿಯ ಬೆಲೆಗೆ ಇಳಿಸಿದಂತೆ ಕೇಳಿಸುತ್ತದೆ.

1 ಪೇತ್ರ 3:15ರಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ ಎಂದಿದೆ. ಈ ಪತ್ರ ಬರೆದದ್ದು ಊರಿನವರ ನಿಂದೆ ಕೇಳುತ್ತಾ ಬದುಕುತ್ತಿದ್ದ ಸಣ್ಣ ಸಣ್ಣ ಸಭೆಗಳಿಗೆ. ಆದ್ದರಿಂದ ಇದು ನಮ್ಮಂಥವರಿಗಾಗಿಯೇ ಬರೆದಂತಿದೆ.

ನಾನು ಕೇಳುವುದು ಹೀಗೆ: "ನೀವು ಹಾಗೆ ನೋಡಿದ್ದೀರಾ ಅಥವಾ ಕೇಳಿದ್ದೀರಾ? ನಮ್ಮ ಮನೆಯ ಕಥೆ ಬೇರೆ, ಬೇಕಿದ್ದರೆ ಹೇಳುತ್ತೇನೆ." ಕೆಲವರು ಬೇಡ ಎನ್ನುತ್ತಾರೆ, ಅಲ್ಲಿಗೆ ಬಿಡುತ್ತೇನೆ. ಕೆಲವರು ಕೇಳುತ್ತಾರೆ. ಅವರ ದೇವರ ಬಗ್ಗೆ ಹಗುರವಾಗಿ ಮಾತನಾಡುವ ನಮ್ಮವರು ಇದ್ದಾರೆ ಎಂದು ಅವರು ಹೇಳಿದರೆ, ಅದು ನಡೆದಿದ್ದರೆ ತಪ್ಪು ಎಂದು ಒಪ್ಪುತ್ತೇನೆ. ಮಾತಿನಲ್ಲಿ ಗೆಲ್ಲುವುದಕ್ಕಿಂತ ಮರುದಿನವೂ ಅದೇ ಮೇಜಿನಲ್ಲಿ ಡಬ್ಬಿ ಬಿಚ್ಚುವುದು ನನಗೆ ಮುಖ್ಯ.

ಹಾರ್ಮೋನಿಯಂ ಮೇಷ್ಟ್ರು

ಸಂಗೀತದ ಬಗ್ಗೆ ಒಂದು ಮಾತು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಇವತ್ತು ನಾವು ಹಳೆಯದು, ನಮ್ಮದು ಎನ್ನುವ ಎಷ್ಟೋ ಕೀರ್ತನೆಗಳ ಧಾಟಿ ಅವರೊಂದಿಗೆ ಯುರೋಪಿನಿಂದ ಬಂದದ್ದು. ಹಾರ್ಮೋನಿಯಂ ಕೂಡ ಯುರೋಪಿನಿಂದಲೇ ಬಂತು. ಹಿರಿಯರಿಗೆ ಇದನ್ನು ವಾದಕ್ಕೆ ಹೇಳಬೇಡಿ, ಅವಮಾನವಾದೀತು. ಅವರು ಹುಡುಗರಾಗಿದ್ದಾಗ ಮೊದಲು ಕಲಿತ ಕೀರ್ತನೆ ಯಾವುದು ಎಂದು ಕೇಳಿ. ಹುಡುಗರು ಅದನ್ನೇ ಕಲಿತು ಸಭೆಯ ಆರಂಭದಲ್ಲಿ ಹಾಡಲಿ, ಹಾರ್ಮೋನಿಯಂ ಜೊತೆಗೆ.

ಸಭಾ ಕಾರ್ಯದರ್ಶಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಕರಾವಳಿಯ ಅಕ್ಕ ಬರೆದದ್ದನ್ನು ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟದ ಮುಂದಿನ ಅಧ್ಯಯನಕ್ಕೆ ಇಟ್ಟುಕೊಂಡಿದ್ದೇನೆ.

ಇಲ್ಲಿ ಬರೆದ ನಿವೃತ್ತ ಅಯ್ಯನವರ ಊಹೆ ಸರಿಯಾಗಿತ್ತು. ಆ ಹಿರಿಯರ ಮನೆಗೆ ನಮ್ಮ ಸಭಾಪಾಲಕರ ಪತ್ನಿ ಮತ್ತು ನಾನು ಹೋಗಿದ್ದೆವು. ಸಂಗೀತದ ಮಾತೇ ಎತ್ತಲಿಲ್ಲ. ಅವರಾಗಿಯೇ ಹೇಳಿದರು: ಹೋದ ವರ್ಷ ಹಳೆಯ ಹಾರ್ಮೋನಿಯಂ ದುರಸ್ತಿಗೆ ಹೋದಾಗ ಯಾರೂ ಅವರಿಗೆ ತಿಳಿಸಿರಲಿಲ್ಲ. ಅದನ್ನು ಅವರ ತಂದೆ ಕಾಣಿಕೆಯಾಗಿ ಕೊಟ್ಟಿದ್ದರಂತೆ. ಒಂದು ಭಾನುವಾರ ಬಂದು ನೋಡಿದರೆ ಅದು ಇದ್ದ ಜಾಗದಲ್ಲಿ ಕೀಬೋರ್ಡಿನ ಸ್ಟ್ಯಾಂಡ್ ಇತ್ತು. ಅಷ್ಟು ದಿನ ಅವರು ಅದನ್ನು ಯಾರ ಬಳಿಯೂ ಹೇಳಿರಲಿಲ್ಲ.

ಹಾಗೆಂದು ಹುಡುಗರ ಬೇಡಿಕೆಯನ್ನು ಕೈಬಿಡುವ ಮನಸ್ಸು ನನಗಿಲ್ಲ. ಅವರೂ ಎರಡು ವರ್ಷದಿಂದ ಅರ್ಜಿ ಕೊಡುತ್ತಿದ್ದಾರೆ, ಒಂದಕ್ಕೂ ಲಿಖಿತ ಉತ್ತರ ಹೋಗಿಲ್ಲ. ಅದೂ ನ್ಯಾಯವಲ್ಲ. ವಿಷಯ ಮಂಡಿಸುವಾಗ ಈ ಎರಡನ್ನೂ ನಾನೇ ಮೊದಲು ಹೇಳಬೇಕೆಂದಿದ್ದೇನೆ: ಕಾಣಿಕೆ ಕೊಟ್ಟವರ ಮನೆಗೆ ತಿಳಿಸದೆ ಹಾರ್ಮೋನಿಯಂ ತೆಗೆಯಲಾಗಿತ್ತು, ಯುವಕರ ಅರ್ಜಿಗಳಿಗೆ ಸಮಿತಿ ಉತ್ತರಿಸಿಲ್ಲ. ಎರಡೂ ನಡೆದ ಸಂಗತಿಗಳು. ಯಾರ ಹೆಸರನ್ನೂ ತೆಗೆಯುವುದಿಲ್ಲ.

ಒಂದು ಅಳುಕು ಉಳಿದಿದೆ. ಮತ್ತೆ ಯಾರಾದರೂ "ನಿನ್ನೆ ಮೊನ್ನೆ ಬಂದವರು" ಎಂದರೆ ಆ ಕ್ಷಣದಲ್ಲಿ ಏನು ಹೇಳಲಿ?

ನಿವೃತ್ತ ಸಭಾಪಾಲಕ

ಬಿಟ್ಟುಬಿಡಬೇಡಿ. ಹೊಸದಾಗಿ ಬಂದ ಕುಟುಂಬಗಳು ನಿಮ್ಮ ಮುಖವನ್ನೇ ನೋಡುತ್ತಿರುತ್ತವೆ, ನೀವು ಸುಮ್ಮನಿದ್ದರೆ ಆ ಮಾತನ್ನು ಒಪ್ಪಿದಂತೆ. ಇಷ್ಟು ಹೇಳಿ: "ಅಣ್ಣಾ, ಈ ಸಭೆಗೆ ಸೇರಿದವರೆಲ್ಲರೂ ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುತ್ತೇವೆ. ಆ ಮಾತನ್ನು ನಡಾವಳಿಯಲ್ಲಿ ಬರೆಯುವುದು ಬೇಡ. ಆರಾಧನೆಯ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಬರೆದುಕೊಳ್ಳುತ್ತೇನೆ, ಹೇಳಿ." ದನಿ ಏರಿಸಬೇಡಿ. ಮುಗುಳ್ನಗೆಯೂ ಬೇಡ, ಆ ಹೊತ್ತಿನಲ್ಲಿ ನಗು ಅಣಕದಂತೆ ಕಾಣುತ್ತದೆ. ಪೆನ್ನನ್ನು ಹಿಡಿದು ಕಾಯಿರಿ. ಬರೆದುಕೊಳ್ಳುತ್ತಾರೆ ಎಂದಾಗ ಜನ ಮಾತನ್ನು ಆರಿಸಿ ಆಡುತ್ತಾರೆ.

"ನಿಮ್ಮ ಕಾಲ ಮುಗಿಯಿತು" ಎಂದ ಹುಡುಗನಿಗೂ ಇದೇ ಅಳತೆ ಇರಲಿ. ಒಬ್ಬರನ್ನು ತಿದ್ದಿ ಇನ್ನೊಬ್ಬರನ್ನು ಬಿಟ್ಟರೆ ನಿಮ್ಮ ಮೃದುತ್ವವನ್ನು ಯಾರೂ ನಂಬುವುದಿಲ್ಲ.

ಗಾಯನ ಮಂಡಳಿಯವನು

ಕಾರ್ಯದರ್ಶಿ ಅಕ್ಕ, ಆ ಹುಡುಗನ ಬಳಿಗೂ ಯಾರಾದರೂ ಹೋಗಿದ್ದಾರೆಯೇ? ಹಿರಿಯರ ಮನೆಗೆ ಹೋದಂತೆ ಅವನ ಮನೆಗೂ ಹೋಗಬೇಕಲ್ಲವೇ?

ಸಭಾ ಕಾರ್ಯದರ್ಶಿ

ಹೋಗಿಲ್ಲ. ನೀವು ಕೇಳಿದ್ದು ಒಳ್ಳೆಯದಾಯಿತು. ಶುಕ್ರವಾರ ಸಂಜೆ ಹೋಗುತ್ತೇನೆ. ಅವನ ತಾಯಿ ನಮ್ಮ ಕೂಟದವರೇ.

ಇತಿಹಾಸದ ಟೀಚರ್, ಧಾರವಾಡ

ಹೋಗುವಾಗ ಅವರು ಕೊಟ್ಟ ಅರ್ಜಿಗಳ ಪ್ರತಿಗಳನ್ನು ಓದಿಕೊಂಡು ಹೋಗಿ. ಅವನು ಬರೆದದ್ದನ್ನು ನೀವು ಓದಿದ್ದೀರಿ ಎಂದು ಅವನಿಗೆ ತಿಳಿಯಲಿ. ಇನ್ನೊಂದು, ರೆಹಬ್ಬಾಮನ ಆ ಮೂರು ದಿನಗಳನ್ನು ನೀವೂ ಬಳಸಿಕೊಳ್ಳಿ. ಚರ್ಚೆ ನಡೆದ ದಿನವೇ ಮತಕ್ಕೆ ಹಾಕಬೇಡಿ. ಚರ್ಚೆ ಒಂದು ಭಾನುವಾರ, ನಿರ್ಣಯ ಮುಂದಿನ ಭಾನುವಾರ ಎಂದು ಕಾರ್ಯಸೂಚಿಯಲ್ಲೇ ಅಚ್ಚು ಮಾಡಿಸಿ, ಎರಡೂ ಕಡೆಯವರಿಗೆ ಮೊದಲೇ ತಲುಪಿಸಿ.